ಬಲಗಾಲಿನ ಕೆಲಸ

ಬೈಕಿನ ಹಿಂದಿನ ಬ್ರೇಕಿಗೆ ಸ್ಟೀಲ್ ಹೋಸ್ ಕೇಳಿದಾಗ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಒಂದು ಕ್ಷಣ ನನ್ನ ಮುಖ ನೋಡಿದರು.

"ಹಿಂದಕ್ಕಾ ಸಾರ್?"

"ಹೌದು, ಹಿಂದಕ್ಕೇ."

"ಎಲ್ಲಾ ಮುಂದಕ್ಕೆ ತಗೊಂಡ್ ಹೋಗ್ತಾರೆ. ಹಿಂದಕ್ಕೆ ಕೇಳ್ದೋರು ನೀವೇ ಮೊದಲು."

ಒಳಗಿದ್ದ ಹುಡುಗ ಏಣಿ ಹತ್ತಿದ. ಅಟ್ಟದ ಮೇಲಿನ ಡಬ್ಬಗಳನ್ನೆಲ್ಲ ಜಾಲಾಡಿ, ಧೂಳು ಹಿಡಿದ ಒಂದು ಪ್ಯಾಕೆಟ್ಟನ್ನು ಉಫ್ ಎಂದು ಊದಿ ಕೌಂಟರ್ ಮೇಲಿಟ್ಟ. ಸ್ಟೀಲ್ ತಂತಿ ಹೆಣೆದ ಬ್ರೇಕ್ ಹೋಸ್, ಅಂದರೆ ಬ್ರೇಕ್ ಆಯಿಲ್ ಹರಿಯುವ ಪೈಪು. ಅದರ ಜೊತೆಗೆ ಒಂದು ಸೆಟ್ ಸಿಂಟರ್ಡ್ ಪ್ಯಾಡ್, ನಾಲ್ಕು ತಾಮ್ರದ ವಾಷರ್, ಒಂದು ಬಾಟಲಿ ಡಾಟ್ 4 ಬ್ರೇಕ್ ಆಯಿಲ್ ತೆಗೆದುಕೊಂಡೆ. ಬಿಲ್ ಬರೆಯುತ್ತಾ ಅಂಗಡಿಯವರು ಸುಮ್ಮನಿರಲಾರದೆ ಇನ್ನೊಂದು ಮಾತು ಸೇರಿಸಿದರು. "ಸ್ಪೋರ್ಟ್ಸ್ ಬೈಕಲ್ಲಿ ಹಿಂದಿನ ಬ್ರೇಕು ಆಟಕ್ಕುಂಟು ಲೆಕ್ಕಕ್ಕಿಲ್ಲ ಸಾರ್."

ನನಗೂ ಹಾಗೇ ಅನ್ನಿಸಿತ್ತು, ಎರಡು ವಾರದ ಹಿಂದಿನವರೆಗೆ.

ಎರಡು ವಾರದ ಹಿಂದೆ ಆದದ್ದಿಷ್ಟು. ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿದ್ದೆ. ಭಾನುವಾರ ಬೆಳಗ್ಗೆ ಬೆಂಗಳೂರಿನ ಅರ್ಧ ಬೈಕುಗಳು ಅಲ್ಲೇ ಇರುತ್ತವೆ, ಅದರಲ್ಲಿ ವಿಶೇಷವೇನಿಲ್ಲ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್. ಹತ್ತುವಾಗ ಎಂಜಿನ್ ಪರೀಕ್ಷೆ, ಇಳಿಯುವಾಗ ಬ್ರೇಕ್ ಪರೀಕ್ಷೆ. ಇಳಿಯುವ ದಾರಿ ಮುಗಿಯುತ್ತಾ ಬಂದಿತ್ತು. ಒಂದು ತಿರುವಿಗೆ ಮುಂಚೆ, ಅಪರೂಪಕ್ಕೆ, ಬಲಗಾಲಿನಲ್ಲಿ ಹಿಂದಿನ ಬ್ರೇಕಿನ ಪೆಡಲ್ ಒತ್ತಿದೆ. ಕೊಳೆತ ಬಾಳೆಹಣ್ಣಿನ ಮೇಲೆ ಕಾಲಿಟ್ಟ ಹಾಗೆ ಪುಸ್ ಎಂದು ಕೆಳಗೆ ಹೋಯಿತು. ಬ್ರೇಕೇ ಇಲ್ಲ. ಮುಂದಿನ ಬ್ರೇಕಿತ್ತು, ಬಚಾವಾದೆ. ಕೆಳಗಿನ ಚಹಾದ ಅಂಗಡಿ ಹತ್ತಿರ ನಿಲ್ಲಿಸಿ ಬಗ್ಗಿದರೆ ಸುಟ್ಟ ವಾಸನೆ. ಡಿಸ್ಕಿನ ಹತ್ತಿರ ಕೈ ಒಯ್ದರೆ ಒಲೆ ಮುಂದೆ ಕೂತ ಹಾಗೆ ಬಿಸಿ. ಅರ್ಧ ಗಂಟೆ ಕಳೆದ ಮೇಲೆ ಒತ್ತಿ ನೋಡಿದರೆ ಪೆಡಲ್ ಮತ್ತೆ ಗಟ್ಟಿಯಾಗಿತ್ತು, ಏನೂ ಆಗೇ ಇಲ್ಲ ಎನ್ನುವ ಹಾಗೆ.

ಬೈಕಿನ ಹೆಸರು ಇಲ್ಲಿ ಬೇಡ, ಅದರ ತಪ್ಪೇನೂ ಇಲ್ಲ. 2015ರ ಗಾಡಿ, 300 ಸಿಸಿ, ಎರಡು ಸಿಲಿಂಡರ್. ಮುಂದೆ 290 ಮಿಲಿಮೀಟರ್ ಡಿಸ್ಕ್, ಹಿಂದೆ 220. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇಲ್ಲ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆದದ್ದು ಹೊಸ ಮಾಡೆಲ್ಲುಗಳಿಗೆ 2018ರ ಏಪ್ರಿಲಿನಿಂದ, ಉಳಿದವಕ್ಕೆ 2019ರ ಏಪ್ರಿಲಿನಿಂದ. ನನ್ನದು ಅದಕ್ಕೂ ಹಳೆಯದು. ಅಂದರೆ ಚಕ್ರ ಲಾಕ್ ಆದರೆ ಬಿಡಿಸುವ ಕೆಲಸ ನನ್ನ ಕಾಲಿನದೇ.

ಈ ಕಾಲಿಗೆ ಮೊದಲ ಪಾಠ ಹೇಳಿಕೊಟ್ಟದ್ದು ಅಪ್ಪನ ಬಜಾಜ್ ಚೇತಕ್. ಹನುಮಂತನಗರದ ಇಳಿಜಾರಿನಲ್ಲಿ, ಹಿಂದೆ ಅಪ್ಪ ಕೂತು, "ಮುಂದಿನ ಬ್ರೇಕ್ ಮುಟ್ಬೇಡ, ಪಲ್ಟಿ ಹೊಡೀತೀಯ" ಎಂದು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ನಮ್ಮಲ್ಲಿ ಗಾಡಿ ಕಲಿತವರಿಗೆಲ್ಲ ಇದೇ ಮಾತು ಹೇಳಿದ್ದಾರೆ ಅಲ್ವಾ? ಬಾಡಿಗೆ ಸೈಕಲ್ಲಿನಿಂದ ಶುರುವಾಗಿ ಎಲ್ಲದಕ್ಕೂ ಇದೇ ಮಂತ್ರ. ಚೇತಕ್ಕಿನಲ್ಲಿ ಬಲಗಾಲಿನ ಕೆಳಗಿನ ಪೆಡಲೇ ದೇವರು. ಆಮೇಲೆ ಚಿಕ್ಕಪ್ಪನ ಆರ್‌ಎಕ್ಸ್ 100 ಬಂತು. ಅದಕ್ಕೂ ಹಿಂದೆ ಮುಂದೆ ಎರಡೂ ಕಡೆ ಡ್ರಮ್. ಮಾವನ ಹಳೇ ಬುಲೆಟ್ಟಿನಲ್ಲಿ ಮಾತ್ರ ತಲೆಕೆಳಗು. ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಒಂದು ಸಲ ಅದನ್ನು ಓಡಿಸುವಾಗ ಬ್ರೇಕ್ ಎಂದುಕೊಂಡು ಗೇರು ತುಳಿದು, ಸೊಪ್ಪಿನ ಗಾಡಿಯ ಒಂದು ಗೇಣು ಹತ್ತಿರ ಹೋಗಿ ನಿಂತಿದ್ದೆ. ಸೊಪ್ಪಿನಮ್ಮ ಬೈದದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ.

ಹೀಗೆ ಇಪ್ಪತ್ತು ವರ್ಷ ಹಿಂದಿನ ಬ್ರೇಕನ್ನೇ ನಂಬಿದ್ದ ಮನುಷ್ಯ ಸ್ಪೋರ್ಟ್ಸ್ ಬೈಕ್ ತೆಗೆದುಕೊಂಡೆ. ತೆಗೆದುಕೊಂಡ ವರ್ಷವೇ ನಾಲ್ಕು ಜನ ಸೇರಿ ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋದೆವು. ಅಲ್ಲಿ ಕಲಿಸುವವರು ಬೆಳಗ್ಗೆಯೇ ಹೇಳಿದರು, ಇವತ್ತು ಇಡೀ ದಿನ ಹಿಂದಿನ ಬ್ರೇಕ್ ಮುಟ್ಟಬೇಡಿ. ಅಪ್ಪ ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ.

ಕಾರಣ ಗೊತ್ತಾಗಲು ಬಿಎಂಟಿಸಿ ಬಸ್ಸಲ್ಲಿ ನಿಂತು ಹೋದ ಅನುಭವ ಸಾಕು. ಡ್ರೈವರ್ ಬ್ರೇಕ್ ಒತ್ತಿದ ತಕ್ಷಣ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ. ಬೈಕಿನಲ್ಲೂ ಭಾರ ಹಾಗೇ ಮುಂದಕ್ಕೆ ಓಡುತ್ತದೆ. ಮುಂದಿನ ಟೈರು ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಟೈರಿಗೆ ಹಿಡಿತ ಕಡಿಮೆ. ಅಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಲಾಕ್ ಆಗಿ ಜಾರುತ್ತದೆ ಅಷ್ಟೆ. ಸ್ಪೋರ್ಟ್ಸ್ ಬೈಕು ಉದ್ದದಲ್ಲಿ ಗಿಡ್ಡ, ಸವಾರ ಟ್ಯಾಂಕಿನ ಮೇಲೆ ಬಗ್ಗಿ ಕೂತಿರುತ್ತಾನೆ, ಆದ್ದರಿಂದ ಈ ಆಟ ಇನ್ನೂ ಜಾಸ್ತಿ. ಒಣ ಟ್ರ್ಯಾಕಿನಲ್ಲಿ ಗಟ್ಟಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ನೆಲ ಸವರುತ್ತಿರುತ್ತದೆ. ಅದಕ್ಕೇ ಹಿಂದಿನ ಡಿಸ್ಕು ಚಿಕ್ಕದು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ರೂ ಸಣ್ಣದು.

ಟ್ರ್ಯಾಕಿನಿಂದ ವಾಪಸ್ ಬಂದ ಮೇಲೆ ಹೊಸದಾಗಿ ಮತಕ್ಕೆ ಸೇರಿದವನ ಹುರುಪು. ಹಿಂದಿನ ಬ್ರೇಕ್ ಹಿಡಿಯುವವರೆಲ್ಲ ಅಜ್ಞಾನಿಗಳು ಎಂದುಕೊಂಡೆ. ಮೂರ್ನಾಲ್ಕು ವರ್ಷ ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಯಿಲ್ ಬದಲಾಯಿಸಲಿಲ್ಲ, ಪ್ಯಾಡ್ ನೋಡಲಿಲ್ಲ. ಬಳಸದ ಬ್ರೇಕು ನಂದಿ ಬೆಟ್ಟದಲ್ಲಿ ಅಷ್ಟೊಂದು ಬಿಸಿ ಆದದ್ದು ಹೇಗೆ? ಈ ಪ್ರಶ್ನೆ ಅವತ್ತೇ ತಲೆಗೆ ಬರಬೇಕಿತ್ತು. ಬರಲಿಲ್ಲ. ಬ್ರೇಕ್ ವೀಕ್ ಆಗಿದೆ, ಅಪ್‌ಗ್ರೇಡ್ ಮಾಡೋಣ ಎಂದು ಸೀದಾ ಜೆ.ಸಿ. ರಸ್ತೆಗೆ ಹೋದೆ. ನಮ್ಮ ಕಾಲದ ಜಾಯಮಾನವೇ ಇದು. ತೊಂದರೆ ಏನು ಎಂದು ನೋಡುವ ಮುಂಚೆ ಖರೀದಿ.

ಕೆಲಸ ಮನೆಯಲ್ಲೇ ಮಾಡಿದೆ, ಗೇಟಿನ ಒಳಗೆ, ಮಣೆ ಹಾಕಿಕೊಂಡು. ಕ್ಯಾಲಿಪರ್ ಬಿಚ್ಚಿದೆ. ಪ್ಯಾಡಿನ ಮುಖ ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಕಾದು ಕಾದು ಹಾಗಾಗಿರುತ್ತದೆ. ಕ್ಯಾಲಿಪರ್ ಜಾರಬೇಕಾದ ಎರಡು ಪಿನ್ನುಗಳಲ್ಲಿ ಒಂದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಉಪ್ಪು ಕಾಗದದಲ್ಲಿ ಉಜ್ಜಿ, ಸಿಲಿಕೋನ್ ಗ್ರೀಸ್ ಸವರಿದೆ. ಹಳೇ ಹೋಸ್ ತೆಗೆದು ಹೊಸದನ್ನು ಕೂರಿಸಿ, ಬೋಲ್ಟಿನ ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಹಾಕಿದೆ. ವಾಷರ್ ಹಳೆಯದನ್ನೇ ಹಾಕಬಾರದು. ಒಂದು ಸಲ ಒತ್ತಿಸಿಕೊಂಡ ತಾಮ್ರ ಎರಡನೇ ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ, ಸೋರುತ್ತದೆ.

ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು. ನನ್ನವಳನ್ನು ಕರೆದೆ. ದೋಸೆ ಹಿಟ್ಟಿನ ಕೈ ತೊಳೆದುಕೊಂಡು ಬಂದಳು. ಕ್ಯಾಲಿಪರಿನ ನಿಪ್ಪಲ್ಲಿಗೆ ಸಣ್ಣ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಮುಳುಗಿಸಿದೆ.

"ಒತ್ತು."

"ಒತ್ತಿದೆ."

"ಹಿಡ್ಕೋ. ಬಿಡ್ಬೇಡ." 8ರ ಸ್ಪ್ಯಾನರಿನಲ್ಲಿ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿದೆ. ಪೈಪಿನೊಳಗೆ ಕಪ್ಪಗಿನ ದ್ರವ ಸರ್ರನೆ ಹರಿಯಿತು, ಮೊದಲ ಡಿಕಾಕ್ಷನ್ ಬಣ್ಣ. ಮತ್ತೆ ಬಿಗಿ ಮಾಡಿದೆ. "ಈಗ ಬಿಡು."

ಒತ್ತು, ಹಿಡ್ಕೋ, ಬಿಡು. ಮೂವತ್ತು ನಲವತ್ತು ಸಲ. ನಡುವೆ ಮೇಲಿನ ಡಬ್ಬಿಗೆ ಹೊಸ ಆಯಿಲ್ ಸುರಿಯುತ್ತಿರಬೇಕು, ಖಾಲಿಯಾದರೆ ಗಾಳಿ ಒಳಗೆ ಹೋಗಿ ಮಾಡಿದ್ದೆಲ್ಲ ನೀರಿಗೆ ಹಾಕಿದ ಹೋಮ. ಕೊನೆಗೆ ಪೈಪಿನಲ್ಲಿ ಗುಳ್ಳೆಗಳು ನಿಂತು, ಎಣ್ಣೆ ಬಣ್ಣದ ತಿಳಿ ದ್ರವ ಬರತೊಡಗಿತು. "ನಿಮ್ಮ ಬ್ರೇಕಿಗೆ ಆಪರೇಷನ್ ಮುಗೀತಾ? ಅಲ್ಲಿ ಹಿಟ್ಟು ಹುಳಿ ಬಂದಿರತ್ತೆ" ಎಂದು ಎದ್ದು ಹೋದಳು.

ಬ್ರೇಕ್ ಆಯಿಲ್ ಎಂದು ನಾವು ಕರೆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರಿಕೊಳ್ಳುವುದು ಅದರ ಗುಣ. ಡಾಟ್ 4 ಹೊಸದಾಗಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿಕೊಂಡ ಮೇಲೆ ಲೆಕ್ಕಕ್ಕೆ ಹಿಡಿಯುವ ಮಿತಿ 155 ಡಿಗ್ರಿ. ಬೆಟ್ಟ ಇಳಿಯುವಾಗ ಕ್ಯಾಲಿಪರ್ ಅಷ್ಟು ಕಾಯುವುದು ದೊಡ್ಡ ವಿಷಯವೇನಲ್ಲ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅಮುಕಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ಪೆಡಲ್ ಪುಸ್ ಎಂದದ್ದು ಅದಕ್ಕೆ. ಆರಿದ ಮೇಲೆ ಗುಳ್ಳೆ ಕರಗಿತು, ಪೆಡಲ್ ವಾಪಸ್ ಬಂತು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಹೇಳುವುದು ಸುಮ್ಮನೆ ಅಲ್ಲ. ಹಾಂ, ಪೇಂಟಿನ ಮೇಲೆ ಒಂದು ತೊಟ್ಟು ಬಿದ್ದರೂ ತಕ್ಷಣ ನೀರು ಹಾಕಿ ಒರೆಸಿ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ನನ್ನ ಸ್ವಿಂಗ್ ಆರ್ಮ್ ಮೇಲೆ ಒಂದು ಬೆರಳಚ್ಚು ಶಾಶ್ವತವಾಗಿ ಉಳಿದಿದೆ.

ಸ್ಟೀಲ್ ಹೋಸ್ ಬಗ್ಗೆ ಒಂದು ಸತ್ಯ ಹೇಳಿಬಿಡುತ್ತೇನೆ. ರಬ್ಬರ್ ಪೈಪು ಒತ್ತಡಕ್ಕೆ ಸ್ವಲ್ಪ ಉಬ್ಬುತ್ತದೆ, ಸ್ಟೀಲ್ ಹೆಣಿಗೆ ಅದನ್ನು ತಡೆಯುತ್ತದೆ. ಮುಂದೆ ಉದ್ದದ ಪೈಪು, ಕೈಯಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಹಿಂದೆ ಪೈಪೇ ಗಿಡ್ಡ. ಬೂಟಿನ ಅಟ್ಟೆಯ ಮೂಲಕ ಆ ವ್ಯತ್ಯಾಸ ಕಂಡುಹಿಡಿಯುತ್ತೇನೆ ಎನ್ನುವವರಿಗೆ ಕೈ ಮುಗಿಯುತ್ತೇನೆ. ನನ್ನ ಪೆಡಲ್ ಗಟ್ಟಿಯಾದದ್ದು ಹೊಸ ಆಯಿಲ್ಲಿನಿಂದ, ಸಡಿಲವಾದ ಪಿನ್ನಿನಿಂದ. ಆದರೂ ಆ ಹೊಳೆಯುವ ಹೋಸ್ ನೋಡಿದಾಗ ಖುಷಿಯಾಗುತ್ತದೆ. ದುಡ್ಡು ಹೋಗಿದ್ದು ಖುಷಿಗೆ ಎಂದುಕೊಂಡಿದ್ದೇನೆ.

ನಿಜವಾಗಿ ಬದಲಾವಣೆ ತಂದದ್ದು ಪ್ಯಾಡು. ಸಿಂಟರ್ಡ್ ಎಂದರೆ ಲೋಹದ ಪುಡಿಯನ್ನು ಒತ್ತಡ ಮತ್ತು ಶಾಖದಲ್ಲಿ ಬೆಸೆದು ಮಾಡಿದ್ದು. ಮುಟ್ಟಿದ ಕೂಡಲೇ ಕಚ್ಚುತ್ತದೆ. ಒದ್ದೆಯಾದರೂ ಕಚ್ಚುತ್ತದೆ. ಎರಡು ವಾರ ನಮ್ಮ ಬೀದಿಯಲ್ಲಿ ನಾನೇ ರಾಜ. ಸಂಜೆ ಬರುವಾಗ ಮನೆ ಮುಂದೆ ಚುಯ್ ಎಂದು ಹಿಂದಿನ ಚಕ್ರ ಎಳೆದು ಕಪ್ಪು ಗೆರೆ ಹಾಕುವುದು. ನಲವತ್ತರ ಹತ್ತಿರ ಬಂದವನು ಮಾಡುವ ಕೆಲಸವೇ? ಎದುರು ಮನೆಯ ಅಂಕಲ್ಲು ಗಿಡಕ್ಕೆ ನೀರು ಹಾಕುತ್ತಾ ತಲೆ ಅಲ್ಲಾಡಿಸುತ್ತಿದ್ದರು.

ಆಮೇಲೆ ಮೇ ತಿಂಗಳ ಮಳೆ ಬಂತು.

ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರ. ಸಂಜೆ ಆರೂವರೆ. ಮಳೆ ಶುರುವಾಗಿ ಹತ್ತು ನಿಮಿಷ ಆಗಿರಬೇಕು. ರಸ್ತೆ ಜಾಸ್ತಿ ಜಾರುವುದೇ ಆವಾಗ. ಬೇಸಿಗೆಯ ಧೂಳು, ಗಾಡಿಗಳು ಸುರಿಸಿದ ಆಯಿಲ್ಲು ಎಲ್ಲ ನೀರಿನ ಮೇಲೆ ತೇಲಿ ರಸ್ತೆ ಸೋಪು ಹಾಕಿದ ಬಚ್ಚಲಾಗಿರುತ್ತದೆ. ಅದರ ಮೇಲೆ ಗುಲ್‌ಮೊಹರ್ ಪಕಳೆ ಬೇರೆ. ಮುಂದೆ ಹೋಗುತ್ತಿದ್ದ ಆಟೋ, ಕೈ ಮಾಡಿದ ಹೆಂಗಸನ್ನು ಹತ್ತಿಸಿಕೊಳ್ಳಲು ಇದ್ದಕ್ಕಿದ್ದ ಹಾಗೆ ನಿಂತಿತು. ನನ್ನ ವೇಗ ಮೂವತ್ತೂ ಇರಲಿಲ್ಲ. ಬಲಗಾಲು ತಾನಾಗಿ ಒತ್ತಿತು. ಚೇತಕ್ಕಿನ ಕಾಲು ಅದು, ಟ್ರ್ಯಾಕಿಗೆ ಹೋಗಿ ಬಂದರೂ ಸತ್ತಿರಲಿಲ್ಲ. ಹಿಂದಿನ ಚಕ್ರ ಕಲ್ಲಿನ ಹಾಗೆ ನಿಂತುಬಿಟ್ಟಿತು. ಬಾಲ ನಿಧಾನವಾಗಿ ಬಲಕ್ಕೆ ಹೊರಟಿತು. ಎಷ್ಟು ನಿಧಾನ ಎಂದರೆ, ಈಗ ಬೀಳುತ್ತೇನೆ, ಎಡಗಡೆಗೆ ಬೀಳುತ್ತೇನೆ ಎಂದು ಯೋಚಿಸಲು ಟೈಮಿತ್ತು. ಬಿದ್ದೆ.

ಎಳನೀರು ಮಾರುವವರು ಓಡಿ ಬಂದು ಬೈಕ್ ಎತ್ತಿದರು. ಯಾರೋ ಅಜ್ಜ ಕೊಡೆಯನ್ನು ನನ್ನ ತಲೆ ಮೇಲೆ ಹಿಡಿದು, "ಏಟಾಯ್ತೇನಪ್ಪಾ? ನಿಧಾನಕ್ಕೆ ಹೋಗ್ಬಾರ್ದಾ?" ಎಂದರು. ನಿಧಾನಕ್ಕೇ ಹೋಗುತ್ತಿದ್ದೆ ತಾತ ಎನ್ನಲು ನಾಚಿಕೆಯಾಯಿತು. ಮೊಣಕೈ ತರಚಿತ್ತು, ಕ್ಲಚ್ ಲಿವರ್ ಬಗ್ಗಿತ್ತು. ಅಷ್ಟೇ.

ಮರುದಿನ ಸಿದ್ದಾಪುರದ ಹತ್ತಿರ ಇರುವ ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ಭಾಯ್ ಎನ್ನುತ್ತಾರೆ. ಕೂತಲ್ಲಿಂದಲೇ ಹಿಂದಿನ ಚಕ್ರ ನೋಡಿ, "ಏನ್ ಸಾರ್ ಇದು, ಡಿಸ್ಕ್ ನೀಲಿ ಆಗೋಗಿದೆ?" ಎಂದರು. ನಿಜ, ಡಿಸ್ಕಿನ ಮೇಲೆ ನೀಲಿ ಛಾಯೆ ಇತ್ತು. ನಾನು ಅದನ್ನು ಮೊದಲೇ ನೋಡಿದ್ದೆ. ಚೆನ್ನಾಗಿ ಕಾಣುತ್ತದೆ ಎಂದುಕೊಂಡಿದ್ದೆ.

ಬೈಕನ್ನು ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ಮೇಲೆತ್ತಿದರು. "ಕೂತ್ಕೊಳ್ಳಿ ಸಾರ್. ಓಡಿಸುವಾಗ ಹೆಂಗೆ ಕಾಲಿಡ್ತೀರೋ ಹಂಗೇ ಇಡಿ." ರೈಡಿಂಗ್ ಬೂಟು ಹಾಕಿಕೊಂಡೇ ಹೋಗಿದ್ದೆ. ಕೂತೆ, ಕಾಲಿಟ್ಟೆ. ಭಾಯ್ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರು. ಅರ್ಧ ಸುತ್ತು ತಿರುಗಿ, ಶ್‌ಶ್‌ ಎಂದು ನಿಂತಿತು.

"ಕಾಲು ತೆಗೀರಿ."

ತೆಗೆದೆ. ಚಕ್ರ ಗಿರಗಿರನೆ ತಿರುಗಿತು.

"ಇಡಿ."

ನಿಂತಿತು.

ಭಾಯ್ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪೆಡಲ್ ಎತ್ತರ ಜಾಸ್ತಿಯಿತ್ತು, ನನ್ನ ಬೂಟಿನ ಅಟ್ಟೆ ದಪ್ಪ. ನಾನು ಫುಟ್‌ಪೆಗ್ ಮೇಲೆ ಕಾಲಿಟ್ಟರೆ ಸಾಕು, ಬೂಟಿನ ಮೂತಿ ಪೆಡಲನ್ನು ಒತ್ತುತ್ತಿತ್ತು. ಹಿಂದಿನ ಬ್ರೇಕೇ ಮುಟ್ಟುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದವನು ನಾಲ್ಕು ವರ್ಷ ಅದನ್ನು ಒತ್ತಿಕೊಂಡೇ ಓಡಿಸಿದ್ದೆ. ನಂದಿ ಬೆಟ್ಟದ ಮೇಲಿಂದ ಕೆಳಗಿನವರೆಗೆ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇತ್ತು. ಆಯಿಲ್ ಕುದಿಯದೆ ಇನ್ನೇನಾಗುತ್ತದೆ? ಮೈಲೇಜ್ ಕಡಿಮೆ ಎಂದು ಗೊಣಗಿದ್ದೂ ನೆನಪಾಯಿತು. ಬ್ರೇಕ್ ಲೈಟೂ ಹತ್ತಿಕೊಂಡೇ ಇರುತ್ತಿತ್ತೇನೋ. ಹಿಂದಿನವರು ಯಾಕೆ ಅಷ್ಟು ಹಾರ್ನ್ ಹೊಡೆಯುತ್ತಾರೆ ಎಂದು ಬೈದುಕೊಂಡಿದ್ದೆನಲ್ಲ.

ಭಾಯ್ ಪೆಡಲ್ ರಾಡಿನ ಲಾಕ್ ನಟ್ ಸಡಿಲಿಸಿ, ಎರಡು ಸುತ್ತು ತಿರುಗಿಸಿ ಪೆಡಲ್ ಇಳಿಸಿದರು. ಬ್ರೇಕ್ ಲೈಟಿನ ಸ್ವಿಚ್ಚನ್ನೂ ಅದಕ್ಕೆ ತಕ್ಕ ಹಾಗೆ ಹೊಂದಿಸಿದರು. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ಪ್ಯಾಡ್ ನೋಡಿ, "ಇದ್ಯಾಕೆ ಹಾಕಿದ್ರಿ ಹಿಂದಕ್ಕೆ? ಕಚ್ಚೋ ನಾಯಿ ಇದು. ಹಿಂದಕ್ಕೆ ಸಾಕಿದ ನಾಯಿ ಸಾಕು" ಎಂದು ಮಾಮೂಲಿ ಆರ್ಗ್ಯಾನಿಕ್ ಪ್ಯಾಡ್ ಹಾಕಿದರು. ಇದು ಮೆದು. ಒತ್ತಿದಷ್ಟೇ ಹಿಡಿಯುತ್ತದೆ, ಸ್ವಲ್ಪ ಒತ್ತಿದರೆ ಸ್ವಲ್ಪ, ಜಾಸ್ತಿ ಒತ್ತಿದರೆ ಜಾಸ್ತಿ. ನಾನು ಬಿದ್ದ ದಿನ ಪ್ಯಾಡು ತನ್ನ ಕೆಲಸ ಚೆನ್ನಾಗೇ ಮಾಡಿತ್ತು. ಮಳೆಯಲ್ಲಿ ಹಿಡಿತ ಕಳೆದುಕೊಂಡದ್ದು ರಸ್ತೆ. ಪ್ಯಾಡು ಮತ್ತು ರಸ್ತೆಯ ನಡುವೆ ಇದ್ದ ನನ್ನ ಕಾಲಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಎಬಿಎಸ್ ಇದ್ದಿದ್ದರೆ ಬಹುಶಃ ಬೀಳುತ್ತಿರಲಿಲ್ಲ, ಅದನ್ನೂ ಒಪ್ಪುತ್ತೇನೆ.

ಲೆಕ್ಕಕ್ಕಿಲ್ಲ ಎಂದಿದ್ದರಲ್ಲ ಅಂಗಡಿಯವರು, ಲೆಕ್ಕವನ್ನೇ ಹಾಕಿ ನೋಡೋಣ ಎನ್ನಿಸಿತು. ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದೆ, ಬೇರೆ ಕೆಲಸವೂ ಇರಲಿಲ್ಲ. ಎರಡು ಚಕ್ರದ ನಡುವೆ 140 ಸೆಂಟಿಮೀಟರ್. ಬೈಕು ಮತ್ತು ನಾನು ಸೇರಿದ ಭಾರದ ಕೇಂದ್ರ ನೆಲದಿಂದ 60 ಸೆಂಟಿಮೀಟರ್ ಎಂದಿಟ್ಟುಕೊಂಡೆ. ನಿಂತಾಗ ಭಾರ ಅರ್ಧ ಮುಂದೆ, ಅರ್ಧ ಹಿಂದೆ. ವೇಗ ಗಂಟೆಗೆ 60 ಕಿಲೋಮೀಟರ್. ಒಣ ರಸ್ತೆಯ ಹಿಡಿತ, ಅಂದರೆ ಘರ್ಷಣೆಯ ಗುಣಾಂಕ, 0.9; ಒದ್ದೆ ಜಾರು ರಸ್ತೆಯದು 0.4. ಬ್ರೇಕನ್ನು ಜಾರುವ ಅಂಚಿನವರೆಗೆ ಸರಿಯಾಗಿ ಒತ್ತಬಲ್ಲ ಸವಾರ, ಅಂದರೆ ನಾನಲ್ಲ.

ಒಣ ರಸ್ತೆಯಲ್ಲಿ ಮುಂದಿನ ಬ್ರೇಕ್ ಒಂದರಿಂದಲೇ ಸುಮಾರು 19 ಮೀಟರಿಗೆ ನಿಲ್ಲಬಹುದು. ಎರಡೂ ಹಿಡಿದರೆ 16. ಉಳಿದದ್ದು ಮೂರು ಮೀಟರ್. ಹಿಂದಿನದೊಂದೇ ಹಿಡಿದರೆ 44 ಮೀಟರ್ ಬೇಕು. ಇಲ್ಲಿಯವರೆಗೆ ಟ್ರ್ಯಾಕಿನವರು ಹೇಳಿದ್ದೇ ಸರಿ, ಅಪ್ಪ ಹೇಳಿದ್ದು ತಪ್ಪು.

ಈಗ ಒದ್ದೆ ರಸ್ತೆ. ಮುಂದಿನದೊಂದೇ ಹಿಡಿದರೆ 59 ಮೀಟರ್. ಎರಡೂ ಹಿಡಿದರೆ 35. ಎರಡು ಸಲ ಲೆಕ್ಕ ತಿದ್ದಿ ನೋಡಿದೆ, ಅಷ್ಟೇ ಬಂತು. ವ್ಯತ್ಯಾಸ 24 ಮೀಟರ್. 12 ಮೀಟರಿನ ಎರಡು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು. ಕಾರಣ ಸರಳ. ರಸ್ತೆ ಜಾರುವಾಗ ಜೋರಾಗಿ ಬ್ರೇಕ್ ಹಾಕಲು ಆಗುವುದೇ ಇಲ್ಲ, ಹಾಗಾಗಿ ಭಾರ ಮುಂದಕ್ಕೆ ಓಡುವುದೂ ಕಡಿಮೆ. ಹಿಂದಿನ ಟೈರಿನ ಮೇಲೆ ಮೂರನೇ ಒಂದು ಪಾಲು ಭಾರ ಉಳಿದಿರುತ್ತದೆ. ಆ ಟೈರಿಗೂ ಕೆಲಸ ಕೊಡದಿದ್ದರೆ ಇರುವ ಹಿಡಿತ ದಂಡ. ಇಷ್ಟಾಗಿ, ಇದು ಕಾಗದದ ಮೇಲಿನ ಲೆಕ್ಕ. ರಸ್ತೆಯಲ್ಲಿ ಗುಂಡಿ ಇರುತ್ತದೆ, ಮೆಟ್ರೋ ಕೆಲಸದ ಕೆಸರಿರುತ್ತದೆ, ಫ್ಲೈಓವರಿನ ಕಬ್ಬಿಣದ ಪಟ್ಟಿ ಇರುತ್ತದೆ.

ಅಂಜನಾಪುರದ ಕಡೆ ಸೈಟು ಮಾಡಿ ಬಿಟ್ಟ, ಮನೆ ಇನ್ನೂ ಏಳದ ರಸ್ತೆಗಳಿವೆ. ಭಾನುವಾರ ಬೆಳಗ್ಗೆ ನಂದಿಗೆ ಹೋಗುವ ಬದಲು ಅಲ್ಲಿಗೆ ಹೋಗತೊಡಗಿದೆ. ಮೊದಲ ಪಾಠ ನಡಿಗೆಯ ವೇಗದಲ್ಲಿ ಯೂ ಟರ್ನ್. ಕ್ಲಚ್ ಅರ್ಧ ಹಿಡಿದು, ಆಕ್ಸಿಲರೇಟರ್ ಒಂದೇ ಸಮ ಇಟ್ಟು, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿಯುವುದು. ಎಂಜಿನ್ ಎಳೆಯುತ್ತದೆ, ಬ್ರೇಕ್ ಹಿಡಿಯುತ್ತದೆ, ಎರಡರ ನಡುವೆ ಬೈಕು ಬಿಗಿಯಾಗಿ, ಹದವಾಗಿ ನಿಲ್ಲುತ್ತದೆ. ಹ್ಯಾಂಡಲ್ ತಿರುಗಿಸಿಕೊಂಡಿರುವಾಗ ಮುಂದಿನ ಬ್ರೇಕ್ ಹಿಡಿದರೆ ಬೈಕು ಎಮ್ಮೆಯ ಹಾಗೆ ಅಲ್ಲೇ ಮಲಗುತ್ತದೆ. ಕಾಂಪೌಂಡಿನ ನೆರಳಲ್ಲಿ ಮಲಗಿದ್ದ ಎರಡು ನಿಜವಾದ ಎಮ್ಮೆಗಳು ನನ್ನನ್ನು ನೋಡುತ್ತಿದ್ದವು.

ಎರಡನೆಯದು, ಹಿಂದಿನ ಬ್ರೇಕ್ ಲಾಕ್ ಆಗುವ ಅಂಚು ಎಲ್ಲಿದೆ ಎಂದು ಕಾಲಿಗೆ ಕಲಿಸುವುದು. ಮೂವತ್ತರ ವೇಗ, ಸೀದಾ ರಸ್ತೆ, ಸ್ವಲ್ಪ ಸ್ವಲ್ಪ ಒತ್ತುತ್ತಾ ಹೋಗುವುದು. ಚಕ್ರ ನಿಲ್ಲುವ ಮುಂಚೆ ಸೀಟಿನ ಕೆಳಗೆ ಒಂದು ನಡುಕ ಬರುತ್ತದೆ. ಅದನ್ನು ಕಾಲಿಗಿಂತ ಮೊದಲು ಕುಂಡಿ ಹೇಳುತ್ತದೆ. ಬಾಲ ಪಕ್ಕಕ್ಕೆ ಹೋದಾಗ ಗಾಬರಿಯಿಂದ ಫಟ್ ಎಂದು ಕಾಲು ತೆಗೆಯುವುದು ಅಪಾಯ. ಸೊಟ್ಟಗಿರುವ ಚಕ್ರಕ್ಕೆ ಹಿಡಿತ ಒಮ್ಮೆಗೇ ವಾಪಸ್ ಬಂದರೆ ಬೈಕು ಸವಾರನನ್ನು ಮೇಲಕ್ಕೆಸೆಯುತ್ತದೆ. ಅದಕ್ಕಿಂತ ನಾನು ಲಾಲ್‌ಬಾಗ್ ಹತ್ತಿರ ಬಿದ್ದ ರೀತಿಯೇ ವಾಸಿ.

ಮೂರನೆಯದು ನನಗೆ ಬಹಳ ಇಷ್ಟ. ಮುಂದಿನ ಫೋರ್ಕಿನ ಸರಳಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿದೆ. ಫೋರ್ಕ್ ಎಷ್ಟು ಕುಗ್ಗಿತೋ ಅಲ್ಲಿಯವರೆಗೆ ಅದು ಜಾರಿ ನಿಲ್ಲುತ್ತದೆ. ಗೆರೆಯಿಂದ ಗೆರೆಗೆ, ಒಂದೇ ವೇಗದಿಂದ, ಮುಂದಿನದೊಂದೇ ಹಿಡಿದು ನಿಲ್ಲಿಸಿ ಅಳೆದೆ. ಆಮೇಲೆ ಮೊದಲು ಹಿಂದಿನದನ್ನು ಮುಟ್ಟಿ, ಅರೆಕ್ಷಣ ಬಿಟ್ಟು ಮುಂದಿನದನ್ನು ಹಿಡಿದು ಅಳೆದೆ. ಐದಾರು ಮಿಲಿಮೀಟರ್ ವ್ಯತ್ಯಾಸ. ಹಿಂದಿನ ಕ್ಯಾಲಿಪರ್ ಸ್ವಿಂಗ್ ಆರ್ಮಿಗೆ ಕೂತಿರುತ್ತದೆ. ಬ್ರೇಕ್ ಹಿಡಿದಾಗ ಅದು ಬೈಕಿನ ಬೆನ್ನನ್ನು ಸ್ವಲ್ಪ ಕೆಳಗೆಳೆಯುತ್ತದೆ. ಮೂಗು ಮುಗ್ಗರಿಸುವುದು ಕಡಿಮೆಯಾಗುತ್ತದೆ. ಕೋಳಿ ಕೂರುವ ಮುಂಚೆ ಹಿಂಭಾಗ ಇಳಿಸುತ್ತದಲ್ಲ, ಹಾಗೆ. ಮುಂದಿನ ಬ್ರೇಕ್ ಜೋರಾದ ಹಾಗೆ ಕಾಲನ್ನು ಹಗುರ ಮಾಡುತ್ತಾ ಬರಬೇಕು, ಅದೇ ಕಷ್ಟ. ಕೈ ಬಿಗಿಯುವಾಗ ಕಾಲು ಸಡಿಲಿಸುವುದು ತಬಲಾ ಕಲಿತ ಹಾಗೆ, ಎರಡೂ ಒಂದೇ ಸಲ ಬಿಗಿಯಲು ನೋಡುತ್ತವೆ. ನಾಯಿ ಅಡ್ಡ ಬಂದಾಗ ಇದೆಲ್ಲ ನೆನಪಿರುತ್ತದಾ? ಇರಲ್ಲ. ಕಾಲಿಗೆ ಅಭ್ಯಾಸ ಆಗಿದ್ದಷ್ಟೇ ಇರುತ್ತದೆ.

ರೇಸಿನವರು ಹಿಂದಿನ ಬ್ರೇಕ್ ಮುಟ್ಟುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನೀಗ ಮಿಕ್ ಡೂಹನ್ ಕಥೆ ಹೇಳುತ್ತೇನೆ. ಆಸ್ಟ್ರೇಲಿಯಾದ ಈ ಸವಾರ 1992ರಲ್ಲಿ ನೆದರ್ಲೆಂಡ್ಸಿನ ಆಸೆನ್‌ನಲ್ಲಿ ಬಿದ್ದು ಬಲಗಾಲಿಗೆ ಭಾರಿ ಪೆಟ್ಟು ಮಾಡಿಕೊಂಡರು. ಪೆಡಲ್ ಒತ್ತಲು ಆ ಕಾಲು ಬರದಾಯಿತು. ಆಗ ಎಡಗೈ ಹ್ಯಾಂಡಲಿಗೆ ಒಂದು ಪುಟ್ಟ ಲಿವರ್ ಹಾಕಿಸಿಕೊಂಡು, ಹೆಬ್ಬೆರಳಿನಿಂದ ಹಿಂದಿನ ಬ್ರೇಕ್ ಒತ್ತಲು ಕಲಿತರು. 1994ರಿಂದ 1998ರವರೆಗೆ ಸತತ ಐದು ವರ್ಷ 500 ಸಿಸಿ ವಿಶ್ವ ಚಾಂಪಿಯನ್. ಬೇಡದ ಬ್ರೇಕಾಗಿದ್ದರೆ ಅಷ್ಟು ಒದ್ದಾಡಿ ಹೆಬ್ಬೆರಳಿಗೆ ಯಾಕೆ ತಂದುಕೊಳ್ಳುತ್ತಿದ್ದರು?

ಕಳೆದ ತಿಂಗಳು ಅಪ್ಪನನ್ನು ಜಯನಗರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಆ್ಯಪಿನಲ್ಲಿ ಆಟೋ ಸಿಗಲಿಲ್ಲ, ಬೀದಿಯಲ್ಲಿ ಸಿಕ್ಕಿದ ಆಟೋಗಳು ಬರಲಿಲ್ಲ. "ನಿನ್ ಬೈಕಲ್ಲೇ ಹೋಗೋಣ ಬಾ" ಎಂದರು. ಹಿಂದೆ ಇನ್ನೊಬ್ಬರು ಕೂತರೆ ಹಿಂದಿನ ಟೈರಿನ ಮೇಲೆ ಭಾರ ಜಾಸ್ತಿ, ಹಿಂದಿನ ಬ್ರೇಕಿಗೂ ಕೆಲಸ ಜಾಸ್ತಿ. ಸೌತ್ ಎಂಡ್ ಸರ್ಕಲ್ ದಾಟುವಷ್ಟರಲ್ಲಿ ಸಣ್ಣ ಮಳೆ. ಸಿಗ್ನಲ್ ಕೆಂಪಾಯಿತು. ಮೊದಲು ಕಾಲು, ಆಮೇಲೆ ಎರಡು ಬೆರಳು, ಆಮೇಲೆ ಕಾಲು ಹಗುರ. ಹಿಂದಿನಿಂದ ಅಪ್ಪನ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಟಕ್ ಎಂದು ಹೊಡೆಯುತ್ತದೆಂದು ಕಾದೆ. ಹೊಡೆಯಲಿಲ್ಲ. ಮುಂದಿನ ಸಿಗ್ನಲ್ಲಿನಲ್ಲೂ ಹೊಡೆಯಲಿಲ್ಲ. ಏನಾದರೂ ಹೇಳುತ್ತಾರೇನೋ ಎಂದು ಕಿವಿ ಹಿಂದಕ್ಕೇ ಇತ್ತು.

ಕ್ಲಿನಿಕ್ ಮುಂದೆ ನಿಲ್ಲಿಸಿದಾಗ, ನನ್ನ ಭುಜ ಹಿಡಿದು ಕಷ್ಟಪಟ್ಟು ಕಾಲೆತ್ತಿ ಇಳಿದರು. ಸೊಂಟ ನೀವಿಕೊಳ್ಳುತ್ತಾ ಹಿಂದಿನ ಸೀಟನ್ನು ಒಂದು ನಿಮಿಷ ನೋಡಿದರು.

"ಇದನ್ನ ಯಾರಿಗೋ ಮಾಡಿದ್ದು, ಕೋತಿಗಾ?"